ಮಾಲ್ದಾರೆ ಬೋರ್ಡಿಗೆ ಹೊಸ ಬೇರು

ಸಿದ್ದಾಪುರ ಬಸ್‌ಸ್ಟ್ಯಾಂಡಿನ ಹಿಂದೆ, ಮೊಯ್ದು ಇಕ್ಕನ ಅಂಗಡಿಯ ಅಟ್ಟದಲ್ಲಿ
ಸತ್ತ ಕಾರ್ಡನ್ನು ಉಗುರಿನಿಂದ ಎತ್ತಿ ಬೆಳಕಿಗೆ ಹಿಡಿಯುತ್ತೇನೆ.
ಹೊರಗಿನಿಂದ ಏನೂ ಆಗಿಲ್ಲ.
ಮೂರು ಸಿಡಿಲು, ಲೆಕ್ಕವಿಲ್ಲದ ಕರೆಂಟು ಕಡಿತ,
ಬರೆಯುತ್ತ ಬರೆಯುತ್ತ ಅರ್ಧಕ್ಕೇ ನಿಂತ ಒಂದು ಸಾಲು.
ಅಷ್ಟು ಸಾಕು.
ಮಾಲ್ದಾರೆ ದಾರಿಯ ಬೋರ್ಡು ನಾಲ್ಕು ದಿನದಿಂದ
‘ಆನೆ’ ಎಂಬ ಎರಡಕ್ಷರ ಮರೆತು ಕಪ್ಪಗೆ ನಿಂತಿದೆ.

ಹೊಸ ಕಾರ್ಡು ತಂದೆ, ಬಿಲ್ಲು ಸಮೇತ.
(ಇಲಾಖೆಗೆ ಬಿಲ್ಲಿಲ್ಲದೆ ಸಿಡಿಲೂ ನಿಜವಲ್ಲ.)
ಎರಡು ಪಾಲು ಮಾಡುತ್ತೇನೆ.
ಮುಂದಿನದು ಚಿಕ್ಕದು, ಜಗಲಿಯಷ್ಟು,
ಕರ್ನಲ್ ಬಂದು ಚಪ್ಪಲಿ ಬಿಡುವುದಕ್ಕೆ.
ಹಿಂದಿನದು ಮನೆ. ಹೆಸರು ರೂಟ್.
ಗುರುತು ಒಂದು ಓರೆಗೆರೆ ಮಾತ್ರ,
ಉಳಿದ ಎಲ್ಲ ಹೆಸರೂ ಅದಕ್ಕೇ ಜೋತುಬಿದ್ದಿವೆ.

ಬೇರು ಎಂದರೆ ಅಮ್ಮನಿಗೆ ಬೇರೆ.
ಚೆಟ್ಟಳ್ಳಿ ಕಡೆಯ ನರ್ಸರಿಯಲ್ಲಿ ಹದಿನೆಂಟು ವರ್ಷ
ಟೋಪಿ ಹೊತ್ತ ಕಾಫಿ ಸಸಿಗಳನ್ನು ಪಾತಿಯಿಂದ ಎತ್ತಿ,
ತಾಯಿಬೇರು ಡೊಂಕಿದ್ದರೆ ಮಾತಿಲ್ಲದೆ ಪಕ್ಕಕ್ಕೆ ಎಸೆದವಳು.
ನನಗೆ ಪಾಪ ಅನ್ನಿಸುತ್ತಿತ್ತು.
‘ಪಾಪ ಈಗ ನೋಡಿದ್ರೆ ಒಂದು ಸಸಿ,
ಐದು ವರ್ಷ ಬಿಟ್ಟು ನೋಡಿದ್ರೆ ಒಂದು ಎಕರೆ’ ಎನ್ನುವಳು
ಕೈ ನಿಲ್ಲಿಸದೆ.

ಕಟ್ಟು ಬಿಚ್ಚುತ್ತೇನೆ. ಪರದೆಯ ಮೇಲೆ ಹೆಸರುಗಳ ಓಟ,
ಕಣ್ಣಿಗೆ ಸಿಕ್ಕುವ ಮೊದಲೇ ಮೇಲೆ ಹೋಗುತ್ತವೆ.
ಆಮೇಲೆ ನನಗೆ ಇಷ್ಟದ ಕೆಲಸ:
ಏನೂ ಇಡದ ಮೂರು ಕೋಣೆ. ಪ್ರಾಕ್, ಸಿಸ್, ಡೆವ್.
ಖಾಲಿ ಇರಬೇಕು, ಆದರೆ ಇರಲೇಬೇಕು.
ಎಚ್ಚರವಾದ ಮೇಲೆ ಕರ್ನಲ್ಲೇ ಬಂದು ತುಂಬಿಕೊಳ್ಳುತ್ತದೆ.
ಕೋಣೆ ಇಲ್ಲವೋ, ಗೋಡೆ ಒಡೆದು ಬರುವ ಜಾತಿಯಲ್ಲ ಅದು,
ಸುಮ್ಮನೆ ನಿಂತುಬಿಡುತ್ತದೆ.
ಆನೆ ಆಗಿದ್ದರೆ ಬೇರೆ ಮಾತು.

ಮನೆಗೆ ಈ ಸಲ ಒಂದು ಕಟ್ಟಳೆ: ಓದಲು ಮಾತ್ರ.
ಸಿಡಿಲು ಬಂದಾಗ ಅರ್ಧ ಬರೆದ ಸಾಲು ಇರಕೂಡದು.
ದಾಟಿದ ಆನೆಗಳ ಲೆಕ್ಕ ಹೊರಗೆ, ಪೆನ್‌ಡ್ರೈವಿನಲ್ಲಿ.

ಮೂರು ವೈರು ಸಿಕ್ಕಿಸಿ ಸ್ವಿಚ್ಚು ಒತ್ತಿದೆ.
ಚುಬ್ರ ಬಂದು ಸ್ಟೂಲಿನ ತುದಿಯಲ್ಲಿ ಕೂತಿದ್ದ,
ಆನೆ ಓಡಿಸುವ ತಂಡದವನು, ಖಾಕಿ ಅಂಗಿ, ಕೈಯಲ್ಲಿ ಕಟ್ಟಂಚಾಯ.
ಅಕ್ಷರಗಳು ಉಕ್ಕಿದವು, ಉಕ್ಕಿ, ಒಂದೇ ಸಾಲಿಗೆ ಹೆಪ್ಪುಗಟ್ಟಿದವು:
ಪ್ಯಾನಿಕ್. ರೂಟ್ ಸಿಗಲಿಲ್ಲ.
‘ಸತ್ತೋಯ್ತಾ ಅಕ್ಕ?’
‘ಇಲ್ಲ. ವಿಳಾಸ ತಪ್ಪಿ ಹೋಯ್ತು.’
ಎರಡು ಎನ್ನುವಲ್ಲಿ ಒಂದು ಎಂದು ಬರೆದಿದ್ದೆ,
ಜಗಲಿಯನ್ನೇ ಮನೆ ಎಂದು.
ಪಾಪ, ಅದು ಜಗಲಿಯಲ್ಲೇ ಮನೆ ಹುಡುಕಿತ್ತು.

ತಿದ್ದಿದೆ. ಸಿಂಕ್ ಕೊಟ್ಟು, ಕಾರ್ಡು ಎಳೆಯುವ ಮೊದಲು
ಹತ್ತು ಎಣಿಸಿದೆ, ಬೇಕಿಲ್ಲದಿದ್ದರೂ.
ಈ ಸಲ ಕೊನೆಯವರೆಗೂ ಬಂತು.
ಹೆಸರು ಕೇಳುತ್ತ ಮಿಣುಕಿತು ಒಂದು ಕರ್ಸರ್.
ಚುಬ್ರನಿಗೆ ತೋರಿಸಿದೆ. ‘ಇಷ್ಟೇನಾ?’ ಅಂದ.

ಇಷ್ಟೇ ಅಲ್ಲ. ಗಡಿಯಾರದ ಸೆಲ್ಲು ಹಾಕಲು ಮರೆತಿದ್ದೆ.
ಆ ರಾತ್ರಿ ಬೋರ್ಡು ಕೆಂಪಗೆ ಐದು ಸಲ ಹೊತ್ತಿತು,
ಮೂರು ಜೀಪು, ಒಂದು ಹಾಲಿನ ವ್ಯಾನು ಕಾದು ನಿಂತವು,
ಬೆಳಿಗ್ಗೆ ನೋಡಿದರೆ ಲೆಕ್ಕದಲ್ಲಿ ಐದೂ ಆನೆಗೆ ಒಂದೇ ದಿನಾಂಕ:
ಜನವರಿ ಒಂದು, ಸಾವಿರದ ಒಂಬೈನೂರ ಎಪ್ಪತ್ತು.
ದಿನ ಗೊತ್ತಿಲ್ಲದ ಯಂತ್ರಕ್ಕೆ ಎಲ್ಲವೂ ಅಲ್ಲಿಂದಲೇ ಶುರು.

ನಾಚಿಕೆಯಿಂದ ಓದಿ ಹೇಳಿದೆ. ಚುಬ್ರ ನಗಲಿಲ್ಲ.
ಕಂಬದ ಬುಡದ ಲದ್ದಿಯನ್ನು ಕಾಲಲ್ಲಿ ಮೆಲ್ಲಗೆ ಒಡೆದು,
‘ಆಗಲೂ ಇಲ್ಲೇ ದಾಟ್ತಿದ್ವು. ನಮ್ಮಪ್ಪ ಕಂಡಿದ್ದ.
ಬೋರ್ಡಿಗೆ ಯಾರು ಹೇಳಿದ್ದು?’

ಸೆಲ್ಲು ಹಾಕಿದೆ, ಸಮಯ ತಿದ್ದಿದೆ.
ಆ ಐದು ಸಾಲು ಮುಟ್ಟಲಿಲ್ಲ.
ಬಿಲ್ಲಿನ ಕೊನೆಗೆ ಸೇರಿಸಿದೆ:
ಕಾಯಿನ್ ಸೆಲ್, ಒಂದು. ನಲವತ್ತು ರೂಪಾಯಿ.